ಬಿಸ್ಕತ್ತಿನ ಟಿನ್ನಿನಲ್ಲಿ ಎಂಟು ಕಾರ್ಡು

ಯೋಗೀಶಣ್ಣ ಎಲ್ಲಿ ಎಂದು ಕಾಪು ಪೇಟೆಯಲ್ಲಿ ಯಾರನ್ನು ಕೇಳಿದರೂ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿ ತೋರಿಸುತ್ತಾರೆ. ಅಲ್ಲಿ ಮೂಲೆಯ ಮೇಜೊಂದು ಅವನ ಕಚೇರಿ. ಗಲ್ಫಿನಲ್ಲಿ ಸಂಬಳ ಸಿಗದವರು, ಪಾಸ್‌ಪೋರ್ಟ್ ಮಾಲಕನ ಕೈಯಲ್ಲಿ ಸಿಕ್ಕಿಕೊಂಡವರು, ಮನೆಗೆಲಸಕ್ಕೆ ಹೋಗಿ ಸುದ್ದಿಯೇ ಇಲ್ಲದ ಹೆಂಗಸರು, ಇಂಥವರ ಮನೆಯವರೆಲ್ಲ ಬರುವುದು ಅಲ್ಲಿಗೇ. ರಾಯಭಾರ ಕಚೇರಿಗೆ ಅರ್ಜಿ ಬರೆಯುವುದು, ಮಣಿಪಾಲದ ಡಿಸಿ ಕಚೇರಿಗೆ ಅಲೆಯುವುದು, ಫೋನಿನಲ್ಲಿ ಜಗಳ ಕಾಯುವುದು ಎಲ್ಲ ಅವನದೇ.

ಯಾಕೆಂದರೆ ಇಪ್ಪತ್ತು ವರ್ಷದ ಹಿಂದೆ ಅವನಿಗೆ ಹಾಗೆ ಯಾರೂ ಇರಲಿಲ್ಲ. ಅವನು ದುಡಿಯುತ್ತಿದ್ದ ಸೌದಿಯ ದಮ್ಮಾಮಿನ ಕ್ಯಾಂಪಿನಲ್ಲಿ ಹನ್ನೆರಡು ಜನರ ಪಾಸ್‌ಪೋರ್ಟ್ ಅರಬಿ ಮಾಲಕನ ಕಪಾಟಿನಲ್ಲಿತ್ತು. ತಾಯಿ ತೀರಿಕೊಂಡ ಸುದ್ದಿ ಬಂದಾಗ ಅಂಗಲಾಚಿ ತನ್ನದೊಂದನ್ನು ಬಿಡಿಸಿಕೊಂಡ. ಊರು ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದಿತ್ತು. ಹೊರಡುವಾಗ ಉಳಿದ ಹನ್ನೊಂದು ಜನ ನೋಡಿದ ನೋಟವನ್ನು ಈಗಲೂ ಸಭೆಗಳಲ್ಲಿ ಹೇಳುತ್ತಾನೆ. ನಾಟಕ ಅಲ್ಲ ಮಾರಾಯ್ರೇ, ನಿಜವಾದ ದುಃಖ. ಆದರೆ ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ?

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಆ ಮೇಜಿನ ಮುಂದೆ ಸುಕ್ರಾ ಬಂದು ನಿಂತ. ಜಾರ್ಖಂಡಿನವನು, ಮಲ್ಪೆಯ ಬೋಟಿನಲ್ಲಿ ಬಲೆ ಎಳೆಯುವ ಕೆಲಸ. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನ ಇಲ್ಲವಂತೆ, ಇವನನ್ನೇ ಕೇಳುತ್ತಿದ್ದಾಳಂತೆ. ಸಂಜೆಯ ರೈಲು ಹಿಡಿಯಬೇಕು. ಆದರೆ ಆಧಾರ್ ಕಾರ್ಡು ಬೋಟಿನ ಮಾಲಕರ ಹತ್ತಿರ ಉಂಟು, ಮೇ ತಿಂಗಳಲ್ಲಿ ಸೀಸನ್ ಮುಗಿದ ಮೇಲೇ ಕೊಡುವುದು. ಕಾರ್ಡಿಲ್ಲದೆ ಹೊರಡುವ ಹಾಗಿಲ್ಲ, ದಾರಿಯಲ್ಲಿ ಇಳಿಸಿ ನೀನು ಯಾವ ದೇಶದವನು ಎಂದು ಕೇಳುವ ಕಾಲ ಇದು. ಅವನ ಊರಿನವನೊಬ್ಬ ಹಾಗೆ ಸಿಕ್ಕಿಬಿದ್ದು ಒಂಬತ್ತು ದಿನ ಮನೆ ಮುಟ್ಟಲಿಲ್ಲ.

ಯೋಗೀಶಣ್ಣನ ರಕ್ತ ಕುದಿಯಿತು. ಯಾವ ಮಾಲಕ, ಹೆಸರು ಹೇಳು ಎಂದು ಪೆನ್ನು ತೆಗೆದ. ಸುಕ್ರಾ ಭೋಜಣ್ಣನ ಹೆಸರು ಹೇಳಿದ. ಭೋಜಣ್ಣ ಎಂದರೆ ಯೋಗೀಶಣ್ಣನ ಸ್ವಂತ ಅಕ್ಕ ನಳಿನಾಕ್ಷಿಯ ಗಂಡ.

ಪೆನ್ನು ಕೆಳಗಿಟ್ಟ. ಎರಡು ವರ್ಷದ ಹಿಂದೆ ಪೊಲೀಸರಿಂದ ಹೊರಗಿನ ಕೆಲಸಗಾರರ ತಪಾಸಣೆ ಶುರುವಾದಾಗ ಭಾವ ಗಾಬರಿಯಾಗಿ, ಎಂತ ಮಾಡುವುದು ಎಂದು ಕೇಳಿದ್ದರು. ಎಲ್ಲರ ಕಾರ್ಡು ಒಟ್ಟು ಮಾಡಿ ಒಂದು ಕಡೆ ಇಡಿ, ಕೇಳಿದಾಗ ತೋರಿಸಲಿಕ್ಕೆ ಸುಲಭ, ಅವರಿಗೂ ಸೇಫ್ ಎಂದವನು ಇವನೇ. ಒಳ್ಳೆಯದಕ್ಕೇ ಹೇಳಿದ್ದು. ಆ ಬುದ್ಧಿವಾದ ಮಲ್ಪೆಯ ಬೋಟು ನಿಲ್ಲುವ ದಕ್ಕೆಯಿಡೀ ಹರಡಿ ಕಾರ್ಕಳದ ಕಲ್ಲುಕೋರೆಗಳ ತನಕ ಹೋಗಿತ್ತು. ಇಟ್ಟುಕೊಂಡವರು ಕೇಳಿದಾಗ ಹಿಂದೆ ಕೊಡಬೇಕು ಎಂದು ಮಾತ್ರ ಇವನು ಹೇಳಿರಲಿಲ್ಲ, ಅದನ್ನೂ ಹೇಳಬೇಕಾಗುತ್ತದೆ ಎಂದು ತೋಚಿರಲಿಲ್ಲ.

ಸುಕ್ರಾನನ್ನು ದಕ್ಕೆಗೆ ಕಳಿಸಿ ಸ್ಕೂಟರ್ ಹತ್ತಿ ಅಕ್ಕನ ಮನೆಗೆ ಹೋದ. ಭಾವ ಗಂಜಿಗೆ ಕೂತಿದ್ದರು. ವಿಷಯ ಕೇಳಿ, ನೀನೇ ಹೇಳಿಕೊಟ್ಟದ್ದಲ್ವಾ ಎಂದು ನಕ್ಕರು. ಆಮೇಲೆ ರೇಗಿದರು. ಸೀಸನ್ ನಡುವೆ ಒಬ್ಬೊಬ್ಬನೇ ಹೊರಟರೆ ಬೋಟು ಕಡಲಿಗೆ ಇಳಿಯುವುದು ಹೇಗೆ? ಬರುವ ವರ್ಷ ತಪಾಸಣೆ ಇನ್ನೂ ಜೋರಂತೆ, ಆಗ ಉತ್ತರ ಕೊಡುವವರು ಯಾರು? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಕ್ಕ ಒಳಗಿನಿಂದಲೇ ಚುಚ್ಚಿದಳು. ಕೊನೆಗೆ ಭಾವ ಬಿಸ್ಕತ್ತಿನ ಟಿನ್ ತಂದು ಎಂಟು ಕಾರ್ಡುಗಳಲ್ಲಿ ಒಂದನ್ನು ಆರಿಸಿ ಎದುರಿಗಿಟ್ಟರು.

"ತಾಯಿಯ ವಿಷಯ ಅಂತ ಇದೊಂದು. ಉಳಿದ ಏಳರ ಮಾತೆತ್ತಿದರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತಬೇಡ."

ಯೋಗೀಶಣ್ಣ ಮಾತೆತ್ತಲಿಲ್ಲ. ಕಾರ್ಡು ಕಿಸೆಗೆ ಹಾಕಿಕೊಂಡ. ಒಬ್ಬನಾದರೂ ತಾಯಿಯ ಮುಖ ನೋಡಲಿ ಎಂದು ಮಲ್ಪೆಯ ತನಕ ತನಗೆ ತಾನೇ ಹೇಳಿಕೊಂಡ.

ದಕ್ಕೆಯಲ್ಲಿ ಸುಕ್ರಾ ಚೀಲ ಕಟ್ಟಿ ಕಾಯುತ್ತಿದ್ದ. ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಹಿಂದೆ ಕೂತು ಹರಿದ ಬಲೆ ಸರಿಮಾಡುತ್ತಿದ್ದ ಏಳು ಜನ ಕೈ ನಿಲ್ಲಿಸಿದರು. ತಲೆಯೆತ್ತಿ ಯೋಗೀಶಣ್ಣನನ್ನು ನೋಡಿದರು. ಅಯ್ಯೋ ದೇವರೇ, ಆ ನೋಟ ಅವನಿಗೆ ಗೊತ್ತಿತ್ತು.

"ಕಾರ್ಡು ಒಟ್ಟು ಮಾಡಿ ಇಡಲು ಹೇಳಿದವನು ನಾನೇ," ಎಂದ, ಗಲ್ಫಿನಲ್ಲಿ ಕಲಿತ ಹಿಂದಿಯಲ್ಲಿ.

"ಗೊತ್ತು ಭಯ್ಯಾ," ಎಂದ ಸುಕ್ರಾ. "ಮಾಲಕರು ಆವತ್ತೇ ಹೇಳಿದ್ದರು. ಅದಕ್ಕೇ ನಿಮ್ಮ ಹತ್ತಿರ ಬಂದದ್ದು."

ಯೋಗೀಶಣ್ಣ ಅವನನ್ನು ರೈಲು ನಿಲ್ದಾಣದ ರಿಕ್ಷಾ ಹತ್ತಿಸಿದ. ಆಮೇಲೆ ಸ್ಕೂಟರನ್ನು ಬಂದ ದಾರಿಗೇ ತಿರುಗಿಸಿದ. ಅಕ್ಕನ ಮನೆಯ ಮೆಟ್ಟಿಲು ಹತ್ತುವುದು ಇದೇ ಕೊನೆಯ ಸಲ ಎಂದು ಗೊತ್ತಿದ್ದೂ ಹತ್ತಿದ.