ಬೀರವ್ವ ಆಯಿ ಮತ್ತು ಒಂದು ಬೆಳವನ ಹಕ್ಕಿ

ಬೀರವ್ವ ಆಯಿ ಗುಳಿಗೆ ಕೊಳ್ಳಲು ಬಂದಳೆಂದರೆ ನಮ್ಮ ಔಷಧ ಅಂಗಡಿಯ ಗಾಜಿನ ಮೇಜಿನ ಮೇಲೆ ಮೊದಲು ಕಲ್ಲುಗಳು ಉರುಳುತ್ತಿದ್ದವು. ಸೆರಗಿನ ಗಂಟು ಬಿಚ್ಚಿ, ಹಳ್ಳದ ನೀರಿನಲ್ಲಿ ಸವೆದು ನುಣುಪಾದ ಐದಾರು ಕಲ್ಲುಗಳನ್ನು ಬದಿಗೆ ಸರಿಸಿ, ಅವುಗಳ ಅಡಿಯಿಂದ ಡಾಕ್ಟರ ಚೀಟಿ ತೆಗೆಯುತ್ತಿದ್ದಳು. "ಬಿಪಿ ಗುಳಿಗಿ ಕೊಡ ಯವ್ವಾ. ಕಲ್ಲ ಮುಟ್ಟಬ್ಯಾಡ, ಆರಿಸಿ ಇಟಗೊಂಡಾವು ಅವು."

ನಮ್ಮ ಊರು ತಾಂಬಾದ ಸುತ್ತ ಬಿಳಿಜೋಳ ಹಾಲುಗಟ್ಟುವ ದಿನಗಳಲ್ಲಿ ಅವರಿವರ ಹೊಲದ ಹಕ್ಕಿ ಕಾಯುವುದು ಅವಳ ಕೆಲಸ. ಉಳಿದ ದಿನ ನಾಲ್ಕು ಕುರಿ, ಒಂದು ಆಡು. ಎಪ್ಪತ್ತು ದಾಟಿತ್ತು. ಅಟ್ಟದ ಮೇಲೆ ನಿಂತು ಕವಣೆ ಬೀಸಿದರೆ ಕಲ್ಲು ಸಿಳ್ಳೆ ಹಾಕುತ್ತ ಹೋಗುತ್ತಿತ್ತು. ಗುಬ್ಬಿ, ಗಿಳಿಗಳನ್ನು ಬರೀ ಆ ಸದ್ದಿನಿಂದಲೇ ಎಬ್ಬಿಸುತ್ತಿದ್ದಳು. ಪಾರಿವಾಳದಂಥ ಬೆಳವನ ಹಕ್ಕಿಯನ್ನು ಮಾತ್ರ ಆಗೊಮ್ಮೆ ಈಗೊಮ್ಮೆ ಹೊಡೆದು ಸಾರು ಮಾಡಿಕೊಳ್ಳುತ್ತಿದ್ದಳು. "ಹೊಟ್ಟಿಗೆ ಹೊಡಿ, ಹಟಕ್ಕ ಹೊಡೀಬ್ಯಾಡ" ಎನ್ನುವುದು ಅವಳ ಮಾತು. ಹೊಡೆದದ್ದನ್ನು ನಾಯಿಗೆ ಹಾಕಿದ ಒಬ್ಬ ಹುಡುಗನ ಜೊತೆ ಅವಳು ಒಂದು ವರ್ಷ ಮಾತು ಬಿಟ್ಟಿದ್ದಳಂತೆ.

ಇಂಥ ಆಯಿಯ ಹತ್ತಿರ ನಾನು ಬೇಟೆ ಕಲಿಯಲು ಹೋಗಬೇಕಾಗಿ ಬಂದದ್ದು ಅಪ್ಪನಿಗೆ ಲಕ್ವಾ ಹೊಡೆದ ಮೇಲೆ. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತುಹೋಯಿತು. ವಿಜಯಪುರದ ಡಾಕ್ಟರು ಗುಳಿಗೆ ಬರೆದು, ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರು. ಆರು ತಿಂಗಳಾದರೂ ಅಪ್ಪ ಸೂರು ನೋಡುತ್ತ ಮಲಗಿದ್ದ. ಯಾರೋ ಅವ್ವನ ಕಿವಿಯಲ್ಲಿ ಊದಿದ್ದರು: ಬೆಳವನ ಹಕ್ಕಿಯ ಸಾರು ಕುಡಿಸಿದರೆ ಲಕ್ವಾ ಬಿಡುತ್ತದೆ.

ನಮ್ಮದು ತತ್ತಿಯನ್ನೂ ಹೊಸಿಲು ದಾಟಿಸದ ಮನೆ. ಅವ್ವ ಮೂರು ಹೊತ್ತು ಲಿಂಗಪೂಜೆ ಮಾಡುವವಳು. ಅಂಥವಳು ಒಂದು ದಿನ ಬಾಗಿಲು ಮುಂದೆ ಮಾಡಿ, ತಲೆ ತಗ್ಗಿಸಿ, "ಒಂದ ಬೆಳವನ ಹಕ್ಕಿ ತಗೊಂಡ ಬಾ" ಅಂದಳು.

"ಅದರಾಗ ಏನೂ ಇಲ್ಲವ್ವಾ. ಔಷಧದ್ದ ಓದೇನಿ ನಾ."

"ನಿನ್ನ ಗುಳಿಗಿ ಆರ ತಿಂಗಳದಾಗ ಏನ ಮಾಡ್ಯಾವು ಹೇಳು."

ಆಯಿಯ ಗುಡಿಸಲಿಗೆ ಹೋದೆ. ಅವಳು ಎಲ್ಲ ಕೇಳಿ, ಕುರಿಯ ಉಣ್ಣೆಯಲ್ಲಿ ಸಿಕ್ಕ ಮುಳ್ಳು ಕೀಳುತ್ತಲೇ ಹೇಳಿದಳು:

"ನಾ ಹೊಡದ ಕೊಡೂದಿಲ್ಲ. ನನ್ನ ಹೊಟ್ಟಿಗೆ ಹೊಡದ್ರ ನನ್ನ ಪಾಪ ನನಗ. ಮಂದಿ ಸಲುವಾಗಿ ಹೊಡದ್ರ ಅದು ಕೂಲಿ ಆಕ್ಕೈತಿ. ನಿನಗ ಬೇಕಾಗೇತಿ, ನೀನ ಹೊಡಿ. ಕಲಸ್ತೇನಿ."

ಹದಿನೈದು ದಿನ ಬೆಳಗಿನ ಜಾವ ಬೀಳು ಹೊಲದಲ್ಲಿ ಕಲಿತೆ. ಗುರಿಗೆ ಜಾಲಿ ಬೊಡ್ಡೆಯ ಮೇಲಿಟ್ಟ ಒಡೆದ ಪ್ಲಾಸ್ಟಿಕ್ ಕೊಡ. ಕವಣೆಯ ಒಂದು ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ತಲೆಯ ಮೇಲೆ ತಿರುಗಿಸಿ ಬಿಡಬೇಕು. ನನ್ನ ಮೊದಲ ಕಲ್ಲು ಹಿಂದಕ್ಕೆ ಹಾರಿ ಆಯಿಯ ಆಡಿನ ಕೊಂಬಿಗೆ ಬಿತ್ತು. "ಕೊಡ ಮುಂದೈತಿ ಮೇಡಮ್ಮಾ" ಅಂದಳು, ನಗದೇ.

ಕೈ ಪಳಗಿದಂತೆಲ್ಲ ನನ್ನ ದಿಗಿಲು ಹೆಚ್ಚಿತು. ಹಕ್ಕಿ ಹೊಡೆಯುವುದು ಕಾನೂನಿಗೆ ವಿರುದ್ಧವೆಂದು ಗೊತ್ತಿತ್ತು. ಏರ್‌ಗನ್ ಹಿಡಿದು ತಿರುಗುತ್ತಿದ್ದ ಯಾರನ್ನೋ ಅರಣ್ಯ ಇಲಾಖೆಯವರು ಒಯ್ದರೆಂದು ಅಂಗಡಿಗೆ ಬಂದವರು ಮಾತಾಡಿದರೆ ನಾನು ಎಣಿಸಿದ ಗುಳಿಗೆಯನ್ನೇ ಮತ್ತೆ ಎಣಿಸುತ್ತಿದ್ದೆ. ಬೆರಳಿನ ಬೊಬ್ಬೆಗೆ ಪಟ್ಟಿ ಕಟ್ಟಿಕೊಂಡು, "ಏನಾತ್ರಿ?" ಎಂದವರಿಗೆಲ್ಲ ಬೇರೆ ಬೇರೆ ಸುಳ್ಳು ಹೇಳಿದೆ.

ಹಕ್ಕಿಗೆಂದು ಹೊರಟ ದಿನ ಕಾಲುವೆಯ ನೀರು ನಿಂತ ತಗ್ಗಿನ ಹತ್ತಿರ, ಒಂದು ಕಂಟಿಯ ಮರೆಯಲ್ಲಿ ಕೂತೆವು. ಕೊಯ್ದ ಹೊಲದ ಕೂಳೆಯಲ್ಲಿ ಕಾಳು ಆಯ್ದ ಹಕ್ಕಿಗಳು ಬಿಸಿಲೇರುವ ಹೊತ್ತಿಗೆ ನೀರಿಗೆ ಬರುತ್ತವೆ. ನಾನು ಕೊರಳಿನ ಲಿಂಗವನ್ನು ಬೆನ್ನಿನ ಕಡೆ ಸರಿಸಿಕೊಂಡೆ. ಆಯಿ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ಮೋಟಾರ್ ಸೈಕಲ್ ಸದ್ದು. ಕವಣೆಯನ್ನು ಟಿಫಿನ್ ಚೀಲಕ್ಕೆ ತುರುಕಿದೆ. ಬಂದದ್ದು ಹಾಲಿನವನು, ನಮ್ಮ ಅಂಗಡಿಯ ಗಿರಾಕಿ. ಗಾಡಿ ನಿಲ್ಲಿಸಿ, "ಮೇಡಮ್ಮಾರ, ಇಲ್ಯಾಕ ಕುಂತೀರಿ?" ಎಂದ.

"ಅಕೀಗೆ ಹೊಟ್ಟಿ ಕೆಟ್ಟೈತಿ" ಎಂದಳು ಆಯಿ. "ನಿಂತ ನೋಡಾಂವ ಏನು?"

ಪಾಪ, ಅವನು ಕ್ಯಾನು ಗಲಗಲ ಅನ್ನಿಸುತ್ತ ಹೋದ. ನನಗೆ ನಗುವೂ ಬರಲಿಲ್ಲ.

ಮತ್ತೆ ಅರ್ಧ ತಾಸು. ಆಮೇಲೆ ಒಂದು ಬೆಳವನ ಹಕ್ಕಿ ಇಳಿದು, ನೀರಿನ ಅಂಚಿಗೆ ನಡೆದು, ತಲೆ ಬಗ್ಗಿಸಿತು. ಆಯಿ ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟಳು. "ಉಸರ ಬಿಡು. ಏಳು. ಬೀಸು."

ಎದ್ದು ಬೀಸಿದೆ. ತಪ್ಪಲಿ ಎಂದು ಬೇಡಿಕೊಂಡೇ ಬಿಟ್ಟ ಕಲ್ಲು ತಾಗಿಬಿಟ್ಟಿತು.

ಹಕ್ಕಿ ಸತ್ತಿರಲಿಲ್ಲ. ಒಂದು ರೆಕ್ಕೆ ನೆಲಕ್ಕೆ ಬಡಿಯುತ್ತ ಸುತ್ತುತ್ತಿತ್ತು. ಓಡಿಹೋಗಿ ಎತ್ತಿಕೊಂಡೆ. ಅಂಗೈ ಸುಡುವಷ್ಟು ಬಿಸಿ. ಅದರ ಎದೆ ಬಡಿಯುವುದು ಬೆರಳಿಗೆ ತಾಗುತ್ತಿತ್ತು.

"ಹೊಡದಾಕಿ ನೀ. ಮುಗಸೂದೂ ನೀನ."

"ಆಗೂದಿಲ್ಲ ಆಯಿ."

"ಅದಕ್ಕ ನೋವ ಆಗಾಕತ್ತೈತಿ, ಯವ್ವಾ. ನೀ ಯೋಚನಿ ಮಾಡಿದಷ್ಟೂ ಅದಕ್ಕ ನೋವು."

ನಾನು ಅಳುತ್ತ ನಿಂತೆ. ಆಯಿ ಹಕ್ಕಿಯನ್ನು ಕಸಿದುಕೊಂಡು, ಸೆರಗಿನ ಮರೆಯಲ್ಲಿ ಒಂದೇ ತಿರುವಿಗೆ ಮುಗಿಸಿದಳು. ಅವಳ ಒಲೆಯ ಮೇಲೆಯೇ ಸಾರು ಆಯಿತು. ನನ್ನ ಟಿಫಿನ್ ಡಬ್ಬಿಗೆ ಸುರಿದು ಕೊಡುವಾಗ, "ಒಂದ ಹನಿ ಚೆಲ್ಲಬ್ಯಾಡ" ಅಂದಳು.

ಮನೆಯಲ್ಲಿ ಅವ್ವ ಚಮಚೆ ಹಿಡಿದು ಅಪ್ಪನ ತಲೆದೆಸೆಯಲ್ಲಿ ಕೂತಳು. ವಾಸನೆಗೆ ಅವಳೇ ಸೆರಗು ಮೂಗಿಗೆ ಹಿಡಿದಿದ್ದಳು. ಅಪ್ಪ ಚಮಚೆ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ನನ್ನನ್ನು. ತುಟಿ ಬಿಗಿದ. ಅವ್ವ ಮತ್ತೆ ಹತ್ತಿರ ಒಯ್ದಾಗ ಎಡಗೈ ಎತ್ತಿ ತಳ್ಳಿದ. ಗಂಟಲಿನಿಂದ ಏನೋ ಹೊರಳಿ ಬಂತು:

"ಬ್... ಬ್ಯಾಡ."

ಆರು ತಿಂಗಳ ಮೇಲೆ ಮೊದಲ ಮಾತು. ಅವ್ವನ ಕೈಯಿಂದ ಚಮಚೆ ಬಿತ್ತು. ಅವಳು ಅಪ್ಪನ ಎದೆಯ ಮೇಲೆ ಹಣೆಯಿಟ್ಟು ಅತ್ತಳು. ಹಕ್ಕಿಯ ವಾಸನೆಗೇ ಮಾತು ಬಂತು ಎನ್ನುತ್ತಾಳೆ ಈಗಲೂ. ವ್ಯಾಯಾಮಕ್ಕೆ, ಗುಳಿಗೆಗೆ ಬರುವ ಹೊತ್ತಿಗೆ ಬಂತು ಎನ್ನುತ್ತೇನೆ ನಾನು. ಖಾತ್ರಿ ಇಬ್ಬರಿಗೂ ಇಲ್ಲ.

ಡಬ್ಬಿ ಹಾಗೇ ಇತ್ತು. ಹಿತ್ತಲಿಗೆ ಒಯ್ದೆ. ಚೆಲ್ಲಲು ಬಗ್ಗಿದವಳು ಚೆಲ್ಲಲಾಗದೆ, ಕಣ್ಣು ಮುಚ್ಚಿ, ನಿಂತಲ್ಲೇ ಅಷ್ಟನ್ನೂ ಕುಡಿದೆ.

ಮರುದಿನ ಆಯಿ ಅಂಗಡಿಗೆ ಬಂದು ಕೇಳಿದಳು, "ಕುಡದರೇನು ಸಾವಕಾರ್ರು?"

"ಕುಡದ್ರು ಆಯಿ. ಒಂದ ಮಾತೂ ಆಡಿದ್ರು."

ಅವಳ ಮುಖ ಅರಳಿದ್ದು ನೋಡಿ, ಗುಳಿಗೆ ಹುಡುಕುವ ನೆಪದಲ್ಲಿ ಕಪಾಟಿನ ಕಡೆ ತಿರುಗಿದೆ.

ಆಮೇಲಿನ ವರ್ಷಗಳಲ್ಲಿ ನಮ್ಮ ಕಡೆ ಜೋಳದ ಹೊಲಗಳೆಲ್ಲ ಕಬ್ಬಾದವು. ಕಬ್ಬಿಗೆ ಹಕ್ಕಿ ಕಾಯುವವರು ಬೇಡ. ಕಣ್ಣಿಗೂ ಪೊರೆ ಬಂದು, ಆಯಿ ಮನಗೂಳಿಗೆ ಮಗಳ ಮನೆಗೆ ಹೋದಳು. ತಿಂಗಳಿಗೊಮ್ಮೆ ನಾನೇ ಬಸ್ಸು ಹತ್ತಿ ಗುಳಿಗೆ ಒಯ್ಯುತ್ತಿದ್ದೆ. ಕೊನೆಯ ಸಲ ಹೋದಾಗ ತಡೆಯಲಾಗದೆ ಹೇಳಿಬಿಟ್ಟೆ: ಅಪ್ಪ ಅದನ್ನು ಕುಡಿಯಲಿಲ್ಲ, ಕುಡಿದವಳು ನಾನು.

ಬೈಯುತ್ತಾಳೆಂದು ಕಾದೆ. ಆಯಿ ಕಾಣದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ, "ಹ್ಯಾಂಗಿತ್ತು?" ಅಂದಳು.

"ಸಪ್ಪಗಿತ್ತು."

"ಸಪ್ಪಗ ಇರದ ಏನು? ಬಿಪಿ ಇದ್ದವ್ರಿಗೆ ಉಪ್ಪ ಕೊಡಬ್ಯಾಡಂತ ನನಗ ಹೇಳಾಕಿ ನೀನ ಅಲ್ಲೇನು? ನಿಮ್ಮಪ್ಪಗೂ ಬಿಪಿ ಅಂತ ಉಪ್ಪ ಹಾಕದ ಮಾಡಿದ್ನಿ." ಕೆಮ್ಮು ಬರುವವರೆಗೆ ನಕ್ಕಳು.

ಮುಂದಿನ ತಿಂಗಳು ನಾನು ಹೊರಡುವ ಮೊದಲೇ ಅವಳ ಮಗಳ ಫೋನು ಬಂತು. ಆಯಿಯ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಅಪ್ಪನ ಹತ್ತಿರ ಕೂತೆ. ಅಪ್ಪ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ, ಬಿಡಿಸಿ ಬಿಡಿಸಿ ಮಾತಾಡುತ್ತಾನೆ. ಅಂದು ಎಲ್ಲವನ್ನೂ ಹೇಳಿದೆ: ಕವಣೆ, ಕಾಲುವೆಯ ತಗ್ಗು, ಹೊಡೆದವಳು ನಾನು, ಮುಗಿಸಿದವಳು ಆಯಿ.

ಅವನು ಬಹಳ ಹೊತ್ತು ತುಟಿ ಅಲ್ಲಾಡಿಸಿ ಮಾತು ಕೂಡಿಸಿಕೊಂಡ.

"ಮಾತ ಬಂದ ಮ್ಯಾಲ ಇಷ್ಟ ಮಂದಿ ಕೂಡ ಮಾತಾಡೇನಿ" ಅಂದ. "ಅಕೀ ಕೂಡ ಒಂದ ಮಾತೂ ಆಡಲಿಲ್ಲವ್ವಾ ನಾ."