ಇವಾನ್ ಎಂಬ ತದ್ಭವ

ಇವತ್ತು ಬೆಳಿಗ್ಗೆ ಮಾಮಾಕ್ ಅಂಗಡಿಯಿಂದ, ಅಂದರೆ ಇಲ್ಲಿ ಮಲೇಶಿಯಾದಲ್ಲಿ ತಮಿಳು ಮುಸ್ಲಿಮರು ನಡೆಸುವ ಹೋಟೆಲಿನಿಂದ, ತಪಾವು (ಪಾರ್ಸೆಲ್) ತಂದ ರೊಟ್ಟಿಯ ಪೊಟ್ಟಣದ ಮೇಲೆ ‘ಇಕಾನ್’ ಎಂದು ಬರೆದಿತ್ತು. ನಾನು ಕೊಟ್ಟದ್ದು ಮಗನ ಹೆಸರು, ಇವಾನ್ ಅಂತ. ಮಲಯ ಭಾಷೆಯಲ್ಲಿ ಇಕಾನ್ ಎಂದರೆ ಮೀನು. ನೀವಾದರೆ ಬೇಸರ ಮಾಡಿಕೊಳ್ಳುತ್ತಿದ್ದಿರೋ ಏನೋ. ಮಂಗಳೂರಿನ ಕೆಥೊಲಿಕರ ಮನೆಯಲ್ಲಿ ಮಗುವನ್ನು ಮೀನು ಎಂದರೆ ಅದು ಹೊಗಳಿಕೆಗೇ ಹತ್ತಿರ.

ಈ ಹೆಸರು ಒಮ್ಮೆ ನಮ್ಮ ನಿದ್ದೆ ಕೆಡಿಸಿತ್ತು. ಕೊರೊನಾ ಬಂದು ಎಲ್ಲರೂ ಮನೆಯೊಳಗೇ ಕೂತಿದ್ದ ಕಾಲ. ನಾವಿರುವ ಸೈಬರ್‌ಜಯಾದ ಆ ಅಗಲ ರಸ್ತೆಗಳಲ್ಲಿ ಊಟ ತರುವ ಬೈಕುಗಳನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಇವನು ಹುಟ್ಟಿದ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಪದ್ಧತಿ. ನನ್ನ ಮಾವನ ಹೆಸರು ಜುವಾಂವ್. ಆ ಕೊನೆಯ ‘ಂವ್’ ಇದೆಯಲ್ಲ, ಅದನ್ನು ಹೇಳಲು ಮೂಗೂ ಬಾಯೂ ಒಟ್ಟಿಗೆ ದುಡಿಯಬೇಕು. ಇಲ್ಲಿಯ ಶಾಲೆಯಲ್ಲಿ ಈ ಹೆಸರನ್ನು ಯಾರು ಕೂಗಿಯಾರು ಎಂದು ನನ್ನ ಗಂಡ ಇವಾನ್ ಎಂದಿಟ್ಟ. ಮಂಗಳೂರಿನಲ್ಲೂ ಇವಾನ್‌ಗಳಿಗೇನು ಬರವಿಲ್ಲ. ಇಗರ್ಜಿಯ ಮುಂದೆ ನಿಂತು ಕೂಗಿದರೆ ಮೂರು ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ಆ ಧೈರ್ಯದ ಮೇಲೆ ನಾನೂ ಹೂಂ ಎಂದೆ.

ಮಾವ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಮನೆಯೆಲ್ಲ ಕೊಂಕಣಿ ಆಡಿದರೂ ಫೋನಿನಲ್ಲಿ ಅವರದು ಕನ್ನಡವೇ. ಅವರಿಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಭಾಷೆ ಏರುತ್ತದೆ. ಹೆಸರು ತಿಳಿಸಿದಾಗ, “ನಾಮಕರಣವು ಸಮರ್ಪಕವಾಗಿದೆ. ಶಿಶುವಿಗೆ ನನ್ನ ಶುಭಾಶೀರ್ವಾದಗಳು,” ಎಂದರು. ಅಷ್ಟು ಗ್ರಾಂಥಿಕ ಕೇಳಿದ್ದೇ ನಾನು ಗಂಡನ ಮುಖ ನೋಡಿದೆ.

ಅವರು ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು. ಮರುದಿನ ನಾದಿನಿ ಫೋನ್ ಮಾಡಿ, “ಅತ್ತಿಗೆ, ಪಪ್ಪ ನಿಮ್ಮ ಹತ್ರ ಹೇಳುವವರಲ್ಲ. ಎಲ್ಲಿಯದೋ ರಷ್ಯಾದ ಹೆಸರು ಇಟ್ರು, ನನ್ನದು ನನ್ನ ಜೊತೆಯೇ ಮುಗೀತು ಅಂತ ಊಟಕ್ಕೆ ಕೂತಾಗ ಹೇಳಿದ್ರು,” ಎಂದಳು. ಮಗುವನ್ನು ಒಯ್ದು ಅವರ ಮಡಿಲಿಗೆ ಹಾಕಿದ್ದರೆ ಎಲ್ಲ ಕರಗುತ್ತಿತ್ತು. ಆದರೆ ವಿಮಾನವೇ ಹಾರುತ್ತಿರಲಿಲ್ಲ. ಮಗುವನ್ನು ಫೋನಿನ ಮುಂದೆ ಹಿಡಿದರೆ ಮಾವ ನೋಡುತ್ತಿದ್ದರು, ನಗುತ್ತಿದ್ದರು, “ಮಗು ಕ್ಷೇಮವೇ?” ಎನ್ನುತ್ತಿದ್ದರು. ಹೆಸರು ಹಿಡಿದು ಮಾತ್ರ ಒಮ್ಮೆಯೂ ಕರೆಯಲಿಲ್ಲ. ನನಗೆ ಅಳು ಬರುತ್ತಿತ್ತು.

ಕೆಲಸಕ್ಕೆ ಬಾರದ ಪ್ರಶ್ನೆ ಕೇಳುವುದರಲ್ಲಿ ನನ್ನದು ಎತ್ತಿದ ಕೈ. ಹೆರಿಗೆ ರಜೆ ಮುಗಿದು ಮನೆಯಿಂದಲೇ ಆಫೀಸು ಶುರುವಾದಾಗ ನಮ್ಮ ತಂಡದಲ್ಲೊಬ್ಬ ರಷ್ಯಾದವನಿದ್ದ, ಅವನೂ ಇವಾನ್. ಮೀಟಿಂಗು ಮುಗಿದ ಮೇಲೆ ಅವನನ್ನು ತಡೆದು, ನಿನ್ನ ಹೆಸರಿಗೆ ಅರ್ಥವೇನಪ್ಪ ಎಂದೆ. ಅವನು ನಕ್ಕುಬಿಟ್ಟ. ಅದು ನಿಮ್ಮ ಜಾನ್ ಅಲ್ಲವೇ, ಇಗರ್ಜಿಯ ಹಳೇ ಪುಸ್ತಕಗಳಲ್ಲಿ ಇಒವಾನ್, ಜನರ ಬಾಯಲ್ಲಿ ಸವೆದು ಇವಾನ್, ಅಮ್ಮನ ಬಾಯಲ್ಲಿ ವಾನ್ಯಾ ಎಂದ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೊಂಕಣಿಯಲ್ಲಿ ಜಾನ್ ಎಂದರೆ ಜುವಾಂವ್!

ಆ ಸಂಜೆಯೇ ಮಾವನಿಗೆ ಫೋನ್ ಹಚ್ಚಿ, ಓದಿ ತಿಳಿದದ್ದನ್ನೆಲ್ಲ ಒಪ್ಪಿಸಿದೆ. ಮೂಲ ಹೀಬ್ರೂವಿನ ಯೊಹಾನಾನ್. ದೇವರು ಕೃಪೆ ತೋರಿದ ಎಂದು ಅರ್ಥ. ಅದು ಗ್ರೀಕಿಗೆ ಹೋಗಿ, ಅಲ್ಲಿಂದ ಒಂದು ದಾರಿ ಹಿಡಿದು ರಷ್ಯಾದಲ್ಲಿ ಇವಾನ್ ಆಯಿತು. ಇನ್ನೊಂದು ದಾರಿ ಹಿಡಿದು ಲ್ಯಾಟಿನ್, ಪೋರ್ಚುಗೀಸ್ ದಾಟಿ ನಮ್ಮ ಕರಾವಳಿಗೆ ಬಂದು ಜುವಾಂವ್ ಆಯಿತು.

ಮೇಷ್ಟ್ರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? “ಯಕಾರವು ಜಕಾರವಾದದ್ದು ಹೇಗೆ? ನಿದರ್ಶನ ಕೊಡು,” ಎಂದರು. ಶಾಲೆಯ ಬೆಂಚಿನ ಮೇಲೆ ನಿಂತ ಹಾಗಾಯಿತು ನನಗೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನು, ತಲೆಯಲ್ಲಿ ಏನೂ ಇಲ್ಲ. ಕೊನೆಗೆ ಎಂಟನೇ ಕ್ಲಾಸಿನ ವ್ಯಾಕರಣ ಎಲ್ಲಿಂದಲೋ ಎದ್ದು ಬಂತು. “ಯೋಗಿ, ಜೋಗಿ. ಯಾತ್ರೆ, ಜಾತ್ರೆ,” ಎಂದೆ.

“ಯೌವನ?”

“ಜವ್ವನ!”

ಮಾವ ಜವ್ವನ, ಜವ್ವನ ಎಂದು ಎರಡು ಸಲ ತಮಗೇ ಹೇಳಿಕೊಂಡರು. ಆಮೇಲೆ ಆ ಪುಸ್ತಕದ ಕನ್ನಡವೆಲ್ಲ ಕಳಚಿ ಬಿದ್ದು, “ಹಾಗಾದ್ರೆ ನಾನೂ ತದ್ಭವ, ಅವನೂ ತದ್ಭವ. ನೀವು ನನ್ನ ಹೆಸರನ್ನೇ ಇಟ್ಟದ್ದಲ್ವಾ ಮಗಾ? ಎಲ್ಲಿ, ನಮ್ಮ ಇವಾನನನ್ನು ಒಮ್ಮೆ ತೋರಿಸು ನೋಡುವಾ,” ಎಂದರು. ನಾನು ಮಗುವನ್ನು ಫೋನಿನ ಮುಂದೆ ಹಿಡಿದೆ. ಪರೀಕ್ಷೆಗಳಲ್ಲಿ ಎಷ್ಟೋ ಸಲ ಪಾಸಾಗಿದ್ದೇನೆ. ಅವತ್ತಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲವಂತೆ. ಇಗರ್ಜಿಯ ಪಾದ್ರಿಗೆ, ಹಾಲಿನವನಿಗೆ, ಲಸಿಕೆ ಚುಚ್ಚಿದ ನರ್ಸಿಗೂ ಮಾಸ್ಕಿನ ಒಳಗಿಂದಲೇ ಪಾಠ ಆಗಿದೆ. ರಷ್ಯಾದಲ್ಲೂ ನನ್ನ ಹೆಸರಿನವರು ಲಕ್ಷಗಟ್ಟಲೆ ಉಂಟು ಎಂದು ಎದೆಯುಬ್ಬಿಸಿ ಹೇಳುತ್ತಿದ್ದರಂತೆ.

ಈಗ ಮಾವ ನಮ್ಮಲ್ಲಿಗೆ ಬಂದಿದ್ದಾರೆ. ಇವಾನ್‌ಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತಿಗೊಂದು ‘ಲಾ’ ಸೇರಿಸುವ ಇಲ್ಲಿಯ ಇಂಗ್ಲಿಷು. ಮಾವ ಇದನ್ನೂ ತದ್ಭವವೆಂದು ಕ್ಷಮಿಸಿದ್ದಾರೆ. ಇವತ್ತು ತಿಂಡಿಯ ನಂತರ ಅಜ್ಜ ಮೊಮ್ಮಗ ಕೆಳಗೆ ವಾಕಿಂಗಿಗೆ ಹೊರಟಾಗ ನಾನೂ ಜೊತೆಗಿದ್ದೆ. ಲಿಫ್ಟಿನಲ್ಲಿ ಪಕ್ಕದ ಮನೆಯ ತಮಿಳು ಆಂಟಿ ಸಿಕ್ಕಿ, “ಏಯ್ ಇವಾನ್, ಯುವರ್ ತಾತಾ ಆ? ವಾಟ್ ಈಸ್ ಹಿಸ್ ನೇಮ್?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವನು ಅಜ್ಜನ ಬೆರಳು ಹಿಡಿದು ಹೇಳಿದ:

“ಸೇಮ್ ನೇಮ್ ಲಾ, ಆಂಟಿ. ಹಿಸ್ ಒನ್ ಫಸ್ಟ್.”