ಹೆರಿಗೆ ಕೋಣೆಯ ಆಟ

ಮೊಮ್ಮಗಳು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವಾಗ ನನಗೆ ಹಿಡಿಸಲಾರದಷ್ಟು ಸಂತೋಷ. ಆದರೆ ಅವಳು ಹುಟ್ಟಿದ ದಿನ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ಕೊರೊನಾ ಕಾಲ. ಬೆಳ್ತಂಗಡಿಯ ನಮ್ಮ ಮನೆಯಿಂದ ಮಗಳನ್ನು ಬಂಟ್ವಾಳದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. ಅಳಿಯ ಮೂಡುಬಿದಿರೆಯಲ್ಲೇ ಉಳಿದ. ಮಗಳನ್ನು ಒಳಗೆ ಕರೆದುಕೊಂಡರು, ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು: "ತಾಯಿಗೆ ರಕ್ತ ನಿಲ್ತಾ ಇಲ್ಲ, ಬೇಗ ಬನ್ನಿ!"

ನಾನು ಬೆಂಚಿನಿಂದ ಎದ್ದುಬಿಟ್ಟೆ. ಓಡಿ ಬಂದ ನರ್ಸುಗಳು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಉದ್ದದ ಅಂಗಿ, ಟೊಪ್ಪಿ, ಕನ್ನಡಕ, ಗ್ಲೌಸು ಹಾಕಿಕೊಳ್ಳತೊಡಗಿದರು. ಒಬ್ಬಳು ಇನ್ನೊಬ್ಬಳ ಬೆನ್ನಿನ ಲಾಡಿ ಕಟ್ಟುತ್ತಿದ್ದಳು, ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವ ಹಾಗೆ.

"ನನ್ನ ಮಗಳು ಅಲ್ಲಿ ಸಾಯುವಾಗ ನೀವಿಲ್ಲಿ ವೇಷ ಕಟ್ಟುದಾ?" ಎಂದು ಅವರನ್ನು ದೂಡಿಕೊಂಡು ಒಳಗೆ ನುಗ್ಗಿದೆ.

ಮಂಚದ ಮೇಲೆ ಮಗಳಿಲ್ಲ. ಒಂದು ರಬ್ಬರ್ ಗೊಂಬೆ! ಅದರ ಕಾಲಬುಡದಲ್ಲಿ ಕೆಂಪು ನೀರು.

"ಅಮ್ಮಾ, ಇದು ಅಭ್ಯಾಸ. ಈ ಕೊರೊನಾದಲ್ಲಿ ಅಂಗಿ ಹಾಕದೆ ಒಳಗೆ ಬರ್ಲಿಕ್ಕಿಲ್ಲ, ಅದಕ್ಕೆ ಬೇಗ ಹಾಕ್ಲಿಕ್ಕೆ ಕಲೀತಾ ಇದ್ದೇವೆ. ನಿಮ್ಮ ಮಗಳು ಆಚೆ ಕೋಣೆಯಲ್ಲಿ ಆರಾಮ ಇದ್ದಾಳೆ," ಎಂದರು ಡಾಕ್ಟರಮ್ಮ.

"ಗೊಂಬೆಯ ಜೀವ ಉಳಿಸ್ಲಿಕ್ಕೆ ನನ್ನ ಜೀವ ತೆಗೀತೀರಾ? ಮೊದಲೇ ಒಂದು ಮಾತು ಹೇಳ್ಲಿಕ್ಕೆ ಬಾಯಿ ಇಲ್ವಾ ನಿಮಗೆ?"

ಒಬ್ಬಳು ನರ್ಸ್ ಮಾಸ್ಕಿನೊಳಗೇ ನಕ್ಕಳು.

"ನಗ್ಬೇಡ ಮಾರಾಯ್ತಿ. ಹೊರಗೆ ಕೂತದ್ದು ನಿನ್ನ ಅಮ್ಮ ಆಗಿದ್ರೆ ಗೊತ್ತಾಗ್ತಿತ್ತು."

ಸಂಜೆ ಮಗುವಿನ ಅಳು ಕೇಳಿಸಿತು. ಕೈಮುಗಿದೆ. ಅದರ ಬೆನ್ನಿಗೇ ಮತ್ತೆ ಅದೇ ಕೂಗು, ರಕ್ತ ನಿಲ್ತಾ ಇಲ್ಲ ಎಂದು. ಇವರ ಆಟ ಪುನಃ ಶುರುವಾಯಿತು ಎಂದುಕೊಂಡು ನಾನು ಕೂತಲ್ಲಿಂದ ಏಳಲೂ ಇಲ್ಲ. ಓಡಿ ಬಂದವರು ಕಣ್ಣುಮುಚ್ಚಿ ತೆರೆಯುವುದರೊಳಗೆ ಅಂಗಿ ಹಾಕಿ ಒಳಗಿದ್ದರು.

ನಕ್ಕಿದ್ದ ನರ್ಸೇ ಹೊರಗೆ ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಅಮ್ಮಾ, ಈ ಸಲ ನಿಜ. ಮದ್ದು ಕೊಟ್ಟಾಗಿದೆ. ರಕ್ತ ನಿಂತ ಕೂಡಲೇ ನಾನೇ ಬಂದು ಹೇಳ್ತೇನೆ."

ಬಂದು ಹೇಳಿದಳು, ಪುಣ್ಯಾತ್ಗಿತ್ತಿ. ನನ್ನ ಮಗಳು ಉಳಿದಳು. ಅವರ ಅಭ್ಯಾಸಕ್ಕೆ ಸಾವಿರ ನಮಸ್ಕಾರ. ಆದರೆ ಮಗಳ ರಕ್ತ ಹರಿಯುವಾಗ ನಾನು ಅದನ್ನು ಆಟವೆಂದು ತಿಳಿದು ಕೂರುವ ಹಾಗೆ ಮಾಡಿದರಲ್ಲ!

ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡು ಬಂದರು. "ಸಿಟ್ಟು ಇಳಿಯಿತಾ ಅಮ್ಮಾ?"

"ಇಲ್ಲ," ಎಂದೆ. "ಮೊದಲು ಮಗುವನ್ನು ಇಲ್ಲಿ ಕೊಡಿ."